ಬೇಗ ತೆಗೆದರೆ ಕಳಪೆಯೇ?

“ಕಳೆದ ಸಂಚಿಕೆಯಲ್ಲಿ ‘ದಿ ಥಿನ್ ಮ್ಯಾನ್’ ಚಿತ್ರಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಎರಡೇ ವಾರದಲ್ಲಿ ಸುತ್ತಿ ಮುಗಿಸಿದ ಅಗ್ಗದ ಪತ್ತೇದಾರಿ ಹಾಸ್ಯಕ್ಕೆ ಇಷ್ಟು ಗೌರವವೇ? ಕೊಲೆ ಯಾಕಾಯಿತೆಂಬುದೇ ತಲೆಗೆ ಹೋಗುವುದಿಲ್ಲ.”
— ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ:

ಕಥೆ ಗೋಜಲು, ಒಪ್ಪಿದೆ. ಆದರೆ ‘ಎರಡೇ ವಾರ’, ‘ಅಗ್ಗ’ ಎನ್ನುವುದನ್ನು ಬೈಗುಳದ ಹಾಗೆ ಬಳಸಿದ್ದೀರಲ್ಲ, ಅದಕ್ಕೆ ನನ್ನ ತಕರಾರಿದೆ.

1934ರಲ್ಲಿ ಹಾಲಿವುಡ್‌ನ ಎಂಜಿಎಂ ಸ್ಟುಡಿಯೊ ಇದಕ್ಕೆ ಖರ್ಚು ಮಾಡಿದ್ದು ಎರಡೂಕಾಲು ಲಕ್ಷ ಡಾಲರ್ ಆಸುಪಾಸು. ಅದ್ದೂರಿತನಕ್ಕೇ ಹೆಸರಾದ ಆ ಸ್ಟುಡಿಯೊಗೆ ಅದು ಚಿಲ್ಲರೆ ಕಾಸು. ನಿರ್ದೇಶಕ ಡಬ್ಲ್ಯೂ.ಎಸ್. ವ್ಯಾನ್ ಡೈಕ್‌ಗೆ ‘ಒನ್ ಟೇಕ್ ವುಡಿ’ ಅಂತಲೇ ಅಡ್ಡಹೆಸರು. ಪತ್ತೇದಾರ ನಿಕ್ ಪಾತ್ರದ ವಿಲಿಯಂ ಪವೆಲ್ ಬಾರ್‌ನಲ್ಲಿ ಕಾಕ್‌ಟೇಲ್ ಕುಲುಕುವ ದೃಶ್ಯ ಇದೆಯಲ್ಲ, ಅದರ ಕಥೆ ಕೇಳಿ. ಲೈಟು, ಸೌಂಡು ನೋಡಿಕೊಳ್ಳಬೇಕು, ಸುಮ್ನೆ ಒಮ್ಮೆ ಮಾಡಿ ಅಂದರಂತೆ ವ್ಯಾನ್ ಡೈಕ್. ಪವೆಲ್ ಮಾಡಿ ಮುಗಿಸುವಷ್ಟರಲ್ಲಿ ಶಾಟ್ ಓಕೆ ಆಗಿತ್ತು! ಆ ಸಲೀಸು ಇಪ್ಪತ್ತನೇ ಟೇಕ್‌ನಲ್ಲಿ ಸಿಗುತ್ತಿತ್ತೇ?

ಚಿತ್ರಕಥೆ ಬರೆದ ಆಲ್ಬರ್ಟ್ ಹ್ಯಾಕೆಟ್, ಫ್ರಾನ್ಸಿಸ್ ಗುಡ್‌ರಿಚ್ ಗಂಡ ಹೆಂಡತಿ. ಮೂಲವಾದ ಡ್ಯಾಶಿಯಲ್ ಹ್ಯಾಮೆಟ್ ಕಾದಂಬರಿಯ ಕೊಲೆಗಿಂತ ನಿಕ್ ಮತ್ತು ಅವನ ಹೆಂಡತಿ ನೋರಾ ನಡುವಿನ ಮಾತುಕತೆ ಜಾಸ್ತಿ ಇರಲಿ ಎಂದು ವ್ಯಾನ್ ಡೈಕ್ ಅವರಿಗೆ ಹೇಳಿದ್ದರು. ಸಿನಿಮಾ ಪ್ರೇಮ ಸಾಮಾನ್ಯವಾಗಿ ಮದುವೆಗೆ ಮುಗಿಯುತ್ತದೆ. ಇಲ್ಲಿ ಮದುವೆಯಾದವರೇ ಒಬ್ಬರನ್ನೊಬ್ಬರು ಇಷ್ಟಪಟ್ಟು ಕಾಲೆಳೆಯುತ್ತಾರೆ. ಗಂಡ ಆರನೇ ಮಾರ್ಟಿನಿಯಲ್ಲಿದ್ದಾನೆ ಎಂದು ಗೊತ್ತಾದಾಗ ನೋರಾ ಗದರುವುದಿಲ್ಲ. ತನಗೂ ಇನ್ನೈದು ತಂದು ಸಾಲಾಗಿ ಇಡಲು ಹೇಳುತ್ತಾಳೆ. ನೋರಾ ಪಾತ್ರದ ಮಿರ್ನಾ ಲಾಯ್ ಅದನ್ನು ಹೇಳುವ ಚೆಂದಕ್ಕೆ ಯಾವ ದುಬಾರಿ ಸೆಟ್ ಬೇಕು?

ಈ ‘ಅಗ್ಗದ’ ಚಿತ್ರ 4 ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. 1947ರವರೆಗೆ ಇದೇ ಜೋಡಿಯ ಇನ್ನೂ 5 ಚಿತ್ರಗಳು ಬಂದವು.

ಈಗ ನೋಡಿ, ಮುಹೂರ್ತದ ದಿನವೇ ಇಷ್ಟು ಕೋಟಿ ಬಜೆಟ್, ಇಷ್ಟು ದಿನ ಶೂಟಿಂಗ್ ಅನ್ನುವ ಮಾತು. ಪತ್ರಿಕೆಗಳಲ್ಲಿ ಅದೇ ತಲೆಬರಹ. ಗಳಿಕೆಯ ಲೆಕ್ಕ ಪ್ರೇಕ್ಷಕರ ಬಾಯಲ್ಲೂ ಓಡಾಡುತ್ತದೆ, ಒಂದು ಒಳ್ಳೆಯ ಸಂಭಾಷಣೆ ಓಡಾಡುವುದಿಲ್ಲ. ಇಬ್ಬರು ಎರಡು ನಿಮಿಷ ಕೂತು ಮಾತಾಡುವ ದೃಶ್ಯ ಬರೆದರೆ ‘ಎಳೀತಿದೆ, ಕತ್ತರಿಸಿ’ ಅನ್ನುತ್ತಾರೆ. ನನಗೆ ಇದರ ಬಗ್ಗೆ ನಿಜಕ್ಕೂ ಸಂಕಟವಿದೆ.

ಕಥೆಯ ಗಂಟು ಹಿಡಿದಿರುವ ನಿಮ್ಮ ಕಣ್ಣು ಚುರುಕಾಗಿದೆ. ಆದರೆ ನೀವು ಕೊಲೆಗಾರನನ್ನೇ ಹುಡುಕುತ್ತಾ ಕೂತಿರಿ, ಅಲ್ವಾ? ಇನ್ನೊಮ್ಮೆ ನೋಡಿ. ಕ್ರಿಸ್‌ಮಸ್ ಬೆಳಿಗ್ಗೆ ನಿಕ್ ಸೋಫಾ ಮೇಲೆ ಬಿದ್ದುಕೊಂಡು ಏರ್‌ಗನ್‌ನಿಂದ ಬಲೂನು ಒಡೆಯುವಾಗ ಅವನನ್ನು ಬಿಟ್ಟು ನೋರಾಳ ಮುಖ ನೋಡಿ. ಆಮೇಲೂ ಎರಡು ಪುಟ ಜಾಸ್ತಿ ಎನಿಸಿದರೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇನೆ.