ರಾತ್ರಿ ಎರಡೂವರೆಗೆ ಬರೆದ ಪತ್ರಕ್ಕೆ

ಅರಸೀಕೆರೆಯಿಂದ ಬರೆದ ಸೋದರಿಗೆ ನಮಸ್ಕಾರ.

ನಿಮ್ಮ ಪತ್ರದ ಮೂಲೆಯಲ್ಲಿ, ತಾರೀಖಿನ ಕೆಳಗೆ, ‘ರಾತ್ರಿ 2.30’ ಎಂದು ಬರೆದಿದ್ದೀರಿ. ಒಕ್ಕಣೆ ಓದುವ ಮೊದಲೇ ಅದು ಕಣ್ಣಿಗೆ ಬಿತ್ತು. ಉಳಿದ ಓದುಗರಿಗಾಗಿ ನಿಮ್ಮ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮಗೆ 56 ವರ್ಷ, ಸಕ್ಕರೆ ಕಾಯಿಲೆ ಬಂದು 9 ವರ್ಷ. ರಾತ್ರಿ ಮೂರು ನಾಲ್ಕು ಸಲ ಬಚ್ಚಲಿಗೆ ಏಳುತ್ತೀರಿ, ಅಂಗಾಲು ಉರಿಯುತ್ತದೆ, ಮತ್ತೆ ಕಣ್ಣು ಹತ್ತುವಷ್ಟರಲ್ಲಿ ಹಾಲಿನವನು ಬಂದಿರುತ್ತಾನೆ. ಬೆಳಿಗ್ಗೆ ವಾಕಿಂಗ್ ತಪ್ಪುತ್ತದೆ, ಮಾತ್ರೆ ಮರೆತುಹೋಗುತ್ತದೆ, ಮಗ ‘ಅಮ್ಮಾ, ನಿನಗೆ ಶಿಸ್ತೇ ಇಲ್ಲ’ ಅನ್ನುತ್ತಾನೆ. ಹೋದ ಸಂಚಿಕೆಯ ನಮ್ಮ ಶುಗರ್ ಲೇಖನದಲ್ಲಿ ಊಟ, ನಡಿಗೆ, ಮಾತ್ರೆ, ಪಾದದ ಆರೈಕೆ ಎಲ್ಲ ಇತ್ತು, ನಿದ್ದೆಯ ಮಾತೇ ಇರಲಿಲ್ಲ. ‘ರಾತ್ರಿ ನಿದ್ದೆ ಇಲ್ಲದವಳಿಗೆ ಬೆಳಿಗ್ಗೆ ಶಿಸ್ತು ಎಲ್ಲಿಂದ ಬರಬೇಕು?’ ಎಂದು ಕೇಳಿದ್ದೀರಿ.

ನಿಮ್ಮ ದೂರು ನ್ಯಾಯವಾದದ್ದು. ಅಚ್ಚಿಗೆ ಹೋಗುವ ಮುಂಚೆ ಆ ಲೇಖನವನ್ನು ಎರಡು ಸಲ ಓದಿದವನು ನಾನು. ಕ್ಷಮಿಸಿ.

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ನಂಬಿ ನಂಬಿ, ನಿದ್ದೆ ಬರಲಿಲ್ಲ ಅಂದವರನ್ನೆಲ್ಲ ‘ಏನು ಚಿಂತೆ ಹಚ್ಚಿಕೊಂಡಿದ್ದೀಯ?’ ಎಂದು ಕೇಳಿ ಸುಮ್ಮನಾಗುತ್ತೇವೆ. ನಿಮ್ಮನ್ನು ಎಬ್ಬಿಸುತ್ತಿರುವುದು ಚಿಂತೆಯೇ ಆಗಬೇಕಿಲ್ಲ. ರಕ್ತದ ಸಕ್ಕರೆ ಸುಮಾರು 180 ದಾಟಿತೆಂದರೆ ಮೂತ್ರಪಿಂಡಕ್ಕೆ ಅದನ್ನು ಪೂರ್ತಿ ತಡೆದಿಡಲು ಆಗುವುದಿಲ್ಲ. ಮೂತ್ರದಲ್ಲಿ ಹೋಗುವ ಸಕ್ಕರೆ ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಏಳುತ್ತೀರಿ, ಬಾಯಾರಿ ನೀರು ಕುಡಿಯುತ್ತೀರಿ, ಮತ್ತೆ ಏಳುತ್ತೀರಿ. ಬಿ.ಪಿ.ಗೆಂದು ಕೊಟ್ಟ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ನುಂಗುತ್ತಿದ್ದರೆ ಅದೂ ಎಬ್ಬಿಸುತ್ತದೆ. ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಅಂಗಾಲಿನ ಉರಿ ನರಗಳಿಗೆ ಪೆಟ್ಟಾಗಿರುವುದರ ಸೂಚನೆಯಿರಬಹುದು, ಅದು ರಾತ್ರಿಯೇ ಜಾಸ್ತಿ. ಉರಿ ತಗ್ಗಿಸಲು ಔಷಧಿಗಳಿವೆ. ವಯಸ್ಸಾಯಿತು, ಹೀಗೇ ಎಂದು ಸಹಿಸಿಕೊಂಡು ಕೂರಬೇಡಿ.

ಇದರ ಇನ್ನೊಂದು ಮಗ್ಗುಲೂ ಇದೆ. ಸಕ್ಕರೆ ನಿದ್ದೆ ಕೆಡಿಸುವ ಹಾಗೆಯೇ ನಿದ್ದೆಗೇಡು ಸಕ್ಕರೆಯನ್ನು ಏರಿಸುತ್ತದೆ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 11 ಮಂದಿ ಆರೋಗ್ಯವಂತ ಯುವಕರಿಗೆ 6 ರಾತ್ರಿ ಬರೀ 4 ಗಂಟೆ ಹಾಸಿಗೆ ಕೊಟ್ಟು ನೋಡಿದರು. ಯಾವ ಕಾಯಿಲೆಯೂ ಇಲ್ಲದ ಆ ಹುಡುಗರ ದೇಹವೇ ಸಕ್ಕರೆಯನ್ನು ಅರಗಿಸಿಕೊಳ್ಳಲು ಒದ್ದಾಡಿತು. ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚು, ಸಿಹಿಯ ಮೇಲೆ ಆಸೆ ಹೆಚ್ಚು, ಮೈ ಭಾರ, ತಲೆ ಮಂಕು. ವಾಕಿಂಗ್ ಮತ್ತು ಮಾತ್ರೆ ಯಾಕೆ ತಪ್ಪುತ್ತವೆ ಎಂಬುದಕ್ಕೆ ಉತ್ತರ ಅಲ್ಲೇ ಇದೆ. ಅಮೆರಿಕ ಮತ್ತು ಯುರೋಪಿನ ಮಧುಮೇಹ ತಜ್ಞರ ಸಂಘಗಳು 2022ರಲ್ಲಿ ಒಟ್ಟಾಗಿ ಕೊಟ್ಟ ಮಾರ್ಗಸೂಚಿಯಲ್ಲಿ ಊಟ, ವ್ಯಾಯಾಮದ ಜೊತೆಗೆ ನಿದ್ದೆಯನ್ನೂ ಚಿಕಿತ್ಸೆಯ ಭಾಗವೆಂದೇ ಸೇರಿಸಿವೆ.

ನನ್ನ ತಂದೆಯ ವಿಷಯ ಹೇಳಬೇಕು. ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಮಹಾ ಶಿಸ್ತಿನವರು, ಶುಗರ್ ಹಿಡಿತದಲ್ಲಿರಲಿ ಎಂದು ರಾತ್ರಿ ಮುದ್ದೆಯನ್ನು ಅರ್ಧಕ್ಕಿಳಿಸಿದ್ದರು, ಇನ್ಸುಲಿನ್ ಮಾತ್ರ ಮೊದಲಿನಷ್ಟೇ. ನಿದ್ದೆಯಲ್ಲಿ ಬಡಬಡಿಸುತ್ತಾರೆ, ಬೆಳಿಗ್ಗೆ ತಲೆನೋವು ಅನ್ನುತ್ತಾರೆ ಎಂದು ಅಮ್ಮ ಹೇಳುತ್ತಿದ್ದಳು. ಕೆಟ್ಟ ಕನಸಿರಬೇಕು ಅಂದುಕೊಂಡೆವು. ಒಂದು ರಾತ್ರಿ ಮೂರರ ಹೊತ್ತಿಗೆ ಅವಳು ಬೆನ್ನು ಮುಟ್ಟಿದರೆ ಬನಿಯನ್ನು ನೀರಲ್ಲಿ ಅದ್ದಿ ತೆಗೆದಂತಿತ್ತು. ಬೆರಳು ಚುಚ್ಚಿ ನೋಡಿದರೆ 54. ಲೋಟದಲ್ಲಿ ಮೂರು ಚಮಚ ಸಕ್ಕರೆ ಕದಡಿ ಕುಡಿಸಿದೆವು, ಕಾಲು ಗಂಟೆ ಗೋಡೆ ಗಡಿಯಾರ ನೋಡುತ್ತ ಕೂತು ಮತ್ತೆ ಚುಚ್ಚಿದೆವು. 92. ಅಪ್ಪ ಮಂಪರು ಕಳೆದು ‘ಯಾಕೆ ಎಲ್ಲ ಎದ್ದಿದ್ದೀರಿ?’ ಎಂದರು. 70ಕ್ಕಿಂತ ಕೆಳಗಿಳಿದರೆ ಅಪಾಯ ಎಂದು ಗೊತ್ತಿತ್ತು, ಅದು ನಿದ್ದೆಯಲ್ಲೇ ಆಗಬಹುದು ಎಂದು ಯಾರೂ ಯೋಚಿಸಿರಲಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರ ಮನೆಯಲ್ಲಿ ಇದು ಎಲ್ಲರಿಗೂ ತಿಳಿದಿರಬೇಕು. ಎಚ್ಚರ ತಪ್ಪಿದವರಿಗೆ ಮಾತ್ರ ಬಾಯಿಗೆ ಏನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಗೊರಕೆಯ ಬಗ್ಗೆ ನೀವು ಏನೂ ಬರೆದಿಲ್ಲ. ನಮ್ಮ ಗೊರಕೆ ನಮಗೆ ಕೇಳುವುದಿಲ್ಲವಲ್ಲ. ಜೋರು ಗೊರಕೆ ನಡುವೆ ಥಟ್ಟನೆ ನಿಂತು, ಉಸಿರುಗಟ್ಟಿದಂತಾಗಿ ಮತ್ತೆ ಶುರುವಾಗುತ್ತಿದೆಯೇ ಎಂದು ಮನೆಯವರು ಒಂದೆರಡು ರಾತ್ರಿ ಗಮನಿಸಲಿ. ನಿದ್ದೆಯಲ್ಲಿ ಉಸಿರು ಕಟ್ಟುವ ಈ ತೊಂದರೆ ಸಕ್ಕರೆ ಕಾಯಿಲೆಯವರಲ್ಲಿ ಬಹಳ ಸಾಮಾನ್ಯ. ಅದಕ್ಕೆ ಪರೀಕ್ಷೆಯೂ ಇದೆ, ಚಿಕಿತ್ಸೆಯೂ ಇದೆ.

ಸದ್ಯಕ್ಕೆ ಸಂಜೆಯ ಕಾಫಿ ಬಿಡಿ, ಊಟ ಎಂಟರೊಳಗೆ ಮುಗಿಸಿ. ನೀರು ಹಗಲಲ್ಲಿ ಚೆನ್ನಾಗಿ ಕುಡಿಯಿರಿ. ಬಚ್ಚಲಿಗೆ ಏಳಬೇಕಾಗುತ್ತದಲ್ಲ ಎಂದು ಬಾಯಾರಿದಾಗಲೂ ಕುಡಿಯದೆ ಇರಬೇಡಿ. ಅಂಗಡಿಯಿಂದ ನಿದ್ದೆ ಮಾತ್ರೆ ತರಿಸಿಕೊಳ್ಳಲೇಬೇಡಿ. ಕತ್ತಲಲ್ಲಿ ಬರಿಗಾಲಲ್ಲಿ ಓಡಾಡಬೇಡಿ.

ಒಂದು ಹಳೆಯ ನೋಟ್‌ಬುಕ್ ತಲೆದಿಂಬಿನ ಪಕ್ಕ ಇಟ್ಟುಕೊಳ್ಳಿ. ಒಂದು ವಾರ ಎಷ್ಟು ಹೊತ್ತಿಗೆ ಎದ್ದಿರಿ, ಯಾಕೆ ಎದ್ದಿರಿ, ಅಷ್ಟೇ ಬರೆಯಿರಿ. ಮೀಟರ್ ಇದ್ದರೆ ಎರಡು ದಿನ ರಾತ್ರಿ ಮೂರಕ್ಕೆ ಎಷ್ಟಿತ್ತು ಎಂಬುದನ್ನೂ ಸೇರಿಸಿ. ಡಾಕ್ಟರು ಫಾಸ್ಟಿಂಗ್ ಎಷ್ಟು ಎಂದು ಕೇಳುವ ಮೊದಲೇ ಆ ಪುಟ ಮುಂದಿಡಿ. ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವನೂ ಕೇಳಿಸಿಕೊಳ್ಳಲಿ. ಅವರು ಏನೆಂದರು ಎಂದು ನನಗೆ ಬರೆಯುತ್ತೀರಿ ತಾನೆ? ಕಾಯುತ್ತಿರುತ್ತೇನೆ.

– ಸಂ.