ಎಸಿಗಿಂತ ಮೊದಲು ಮಾಳಿಗೆ ನೋಡಿ

ಪ್ರಶ್ನೆ: ನಮ್ಮದು 20 ವರ್ಷ ಹಳೆಯ ಆರ್‌ಸಿಸಿ ಮನೆ. ಮೇಲಿನ ಕೋಣೆಯಲ್ಲಿ ರಾತ್ರಿ ಹನ್ನೊಂದಾದರೂ ಸೆಕೆ ಇಳಿಯುವುದಿಲ್ಲ. ಮಗ ಎಸಿ ಹಾಕಿಸೋಣ ಅನ್ನುತ್ತಾನೆ. ಗೃಹಜ್ಯೋತಿ ತಪ್ಪಿಹೋಗುತ್ತದೇನೋ ಎಂಬ ಚಿಂತೆ ನನ್ನದು. ಬೇರೆ ದಾರಿ ಇದೆಯೇ?
– ಗೃಹಿಣಿ, ರಾಯಚೂರು

ಉತ್ತರ: ತಾಯೀ, ಸ್ವಲ್ಪ ತಡೆಯಿರಿ. ಇವತ್ತು ರಾತ್ರಿ ಫ್ಯಾನ್ ಆಫ್ ಮಾಡಿ, ಸ್ಟೂಲ್ ಹತ್ತಿ ಸ್ಲ್ಯಾಬ್ ಮುಟ್ಟಿ ನೋಡಲು ಮಗನಿಗೆ ಹೇಳಿ. ಕಲಬುರಗಿಯ ನಮ್ಮ ಮನೆಯಲ್ಲಿ ನಾನು ಮುಟ್ಟಿದಾಗ, ರೊಟ್ಟಿ ಬೇಯಿಸಿ ಇಳಿಸಿಟ್ಟ ಹಂಚಿನ ಹಾಗೆ ಬೆಚ್ಚಗಿತ್ತು. ಹಗಲೆಲ್ಲ ಕುಡಿದ ಬಿಸಿಲನ್ನು ಸ್ಲ್ಯಾಬ್ ರಾತ್ರಿ ಕೋಣೆಗೆ ಬಿಡುತ್ತದೆ. ಫ್ಯಾನ್ ಆ ಬಿಸಿ ಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಎಸಿ ಹಾಕಿದರೂ ಅದು ಆ ಕಾವಿನ ಜೊತೆಗೇ ಗುದ್ದಾಡಬೇಕು, ಅಲ್ವಾ?

ಮೊದಲು ಮಾಳಿಗೆಗೆ ಸುಣ್ಣ ಬಳಿಸಿ. ನಾನು ಪ್ರತಿ ವರ್ಷ ಫೆಬ್ರವರಿ ಕೊನೆಗೆ ಬಳಿಯುತ್ತೇನೆ. ಕಲ್ಲುಸುಣ್ಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ನೆನೆಹಾಕಿ. ಕುದಿಯುವಾಗ ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಸಿಡಿದರೆ ಬಹಳ ಅಪಾಯ. ಮರುದಿನ ಸೋಸಿ, ಹಿಡಿದುಕೊಳ್ಳಲು ಸ್ವಲ್ಪ ಗೋಂದು ಬೆರೆಸಿ. ಮಾಳಿಗೆ ಗುಡಿಸಿ, ತೊಳೆದು, ಸಂಜೆ ಹೊತ್ತಿಗೆ ಎರಡು ಕೋಟ್ ಕೊಡಿ. ಬಿಳಿ ಮಾಳಿಗೆ ಬಿಸಿಲನ್ನು ವಾಪಸ್ ಕಳಿಸುತ್ತದೆ. ಮೊದಲ ವರ್ಷ ಬಳಿದ ವಾರಕ್ಕೇ ನಮ್ಮ ಅತ್ತೆ ಅಂಗಳ ಬಿಟ್ಟು ಒಳಗೆ ಮಲಗಿದರು. ಮಳೆಗೆ ಸುಣ್ಣ ತೊಳೆದುಹೋಗುತ್ತದೆ, ವರ್ಷವೂ ಬಳಿಯಬೇಕು. ಬೇಡವೆನಿಸಿದರೆ ಬಿಳಿ ಟೈಲ್ಸ್ ಹಾಕಿಸಿ, ಖರ್ಚು ಜಾಸ್ತಿ.

ಪಡುವಣ ಕಿಟಕಿ ಇದ್ದರೆ ನೆರಳನ್ನು ಹೊರಗೆ ಮಾಡಿ. ಹಸಿರು ನೆಟ್ ಸಾಕು. ಒಳಗಿನ ಪರದೆ ಮುಟ್ಟುವಷ್ಟರಲ್ಲಿ ಬಿಸಿಲು ಮನೆಯೊಳಗೆ ಬಂದಾಗಿರುತ್ತದೆ.

ಆಮೇಲೆ ಫ್ಯಾನ್. ಹಳೆಯದು ಸುಮಾರು 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಎಂಬ ಹೊಸ ಬಗೆಯ ಫ್ಯಾನ್ 30ರ ಆಸುಪಾಸು. ದಿನಕ್ಕೆ 15 ತಾಸು ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 20 ಯೂನಿಟ್ ಉಳಿತಾಯ. ಮೂರಿದ್ದರೆ 60. ನಿಮಗೆ ಇದು ಸಣ್ಣ ಲೆಕ್ಕವಲ್ಲ, ಏಕೆಂದರೆ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಇಷ್ಟಾದ ಮೇಲೂ ಮೇ ತಿಂಗಳು ತಡೆಯಲಾಗದಿದ್ದರೆ ಎಸಿ ತನ್ನಿ, ನಾನು ಬೇಡ ಅನ್ನುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಖಂಡಿತ ತನ್ನಿ. ಸ್ಟಾರ್ ನೋಡಿ ಕೊಳ್ಳಿ. 24 ಡಿಗ್ರಿಗಿಂತ ಕೆಳಗೆ ಇಳಿಸದೆ, ಜೊತೆಗೆ ಫ್ಯಾನ್ ಸಣ್ಣಗೆ ತಿರುಗಲು ಬಿಡಿ.