ಅಗ್ರಾನಮಿನಾ, ಬ್ರೀಡಿಂಗಾ? ಅದಿರಲಿ, ಸ್ಟ್ಯಾಟಿಸ್ಟಿಕ್ಸ್ ಓದ್ತೀರಾ?

ಬೆಳೆ ವಿಜ್ಞಾನಿ ಆಗಬೇಕು, ಬಿಎಸ್ಸಿ ಅಗ್ರಿ ಸೇರಿ ಅಗ್ರಾನಮಿ (ಬೇಸಾಯ ಶಾಸ್ತ್ರ) ಹಿಡಿಯಲಾ, ಬ್ರೀಡಿಂಗ್ (ಹೊಸ ತಳಿ ಮಾಡೋದು) ಹಿಡಿಯಲಾ ಅಂತ ಕೇಳಿದ್ದೀರಿ. ಈಗಲೇ ಆರಿಸೋಕೆ ಏನೂ ಇಲ್ಲ. ಬಿಎಸ್ಸಿಯಲ್ಲಿ ಮಣ್ಣು, ಕೀಟ, ರೋಗ, ತಳಿ, ಬೇಸಾಯ ಎಲ್ಲವನ್ನೂ ಎಲ್ಲರೂ ಓದಲೇಬೇಕು. ವಿಷಯ ಆರಿಸೋದು ಎಂಎಸ್ಸಿಗೆ. ನಾನೂ ಸುಮ್ನೆ ಇದೇ ಚಿಂತೆಯಲ್ಲಿದ್ದು, ಸ್ಟ್ಯಾಟಿಸ್ಟಿಕ್ಸ್ ಪಾಸಾದರೆ ಸಾಕು ಅಂದುಕೊಂಡಿದ್ದೆ.

ಎಂಎಸ್ಸಿಯಲ್ಲಿ ಸಿಕ್ಕಿಬಿದ್ದೆ. ಖುಷ್ಕಿ ರಾಗಿಗೆ ಸಾರಜನಕ ಎಷ್ಟು, ಯಾವಾಗ ಕೊಡಬೇಕು ಅನ್ನೋದು ನನ್ನ ಪ್ರಯೋಗ. ತಳಿ ಜಿಪಿಯು-28. ಇಳಿಜಾರಿನ ಕೆಂಪು ಹೊಲ. ಪ್ರಯೋಗಕ್ಕೆ ಹೊಲವನ್ನು ಚಿಕ್ಕ ಚಿಕ್ಕ ತಾಕುಗಳಾಗಿ ಮಾಡ್ತೀವಿ, ಅಕ್ಕಪಕ್ಕದ ತಾಕುಗಳ ಗುಂಪೇ ಬ್ಲಾಕ್. ಬ್ಲಾಕ್‌ಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಕಬೇಕಿತ್ತು, ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಕಲಿಯೋದು ಇದನ್ನೇ. ನಾನು ಅಳತೆ ಸುಲಭ ಅಂತ ಮೇಲಿಂದ ಕೆಳಕ್ಕೆ ಉದ್ದುದ್ದ ಹಾಕಿದೆ. ಒಂದು ಬ್ಲಾಕಿನ ತಾಕುಗಳೆಲ್ಲ ಒಂದೇ ತರದ ಮಣ್ಣಲ್ಲಿರಬೇಕು. ಮಣ್ಣಿನ ವ್ಯತ್ಯಾಸ ಬ್ಲಾಕು-ಬ್ಲಾಕಿನ ನಡುವೆ ಬಿದ್ದರೆ ಲೆಕ್ಕದಲ್ಲಿ ಅದನ್ನು ಬೇರೆ ತೆಗೆದಿಡಬಹುದು. ನನ್ನ ಪ್ರತಿ ಬ್ಲಾಕಿನಲ್ಲೂ ಮೇಲಿನ ತಾಕು ಗರಸು, ಕೆಳಗಿನ ತಾಕಿಗೆ ಮಳೆಯಲ್ಲಿ ಕೊಚ್ಚಿಬಂದ ಮಣ್ಣು, ಜಾಸ್ತಿ ತೇವ. ಪೈರು ಗೊಬ್ಬರದಿಂದ ಎದ್ದಿತೋ ತೇವದಿಂದ ಎದ್ದಿತೋ, ಹೇಗೆ ಹೇಳೋದು? ಕಳೆ ಕೀಳೋಕೆ ಬರ್ತಿದ್ದ ಅಮ್ಮ ಒಬ್ಬರು ಮೊದಲೇ ಅಂದಿದ್ದರು: “ತಗ್ಗಿನ ಕಡೆ ಯಾವಾಗ್ಲೂ ಜೋರು ಸಾರ್, ಗೊಬ್ಬರ ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ.” ತಲೆ ಆಡಿಸಿ ಬಂದೆ. ಕೊನೆಗೆ ಇಳುವರಿ ಟೇಬಲ್ ತುಂಬಾ ‘ಎನ್‌ಎಸ್’, ಅಂದರೆ ನಂಬುವಂಥ ವ್ಯತ್ಯಾಸವೇ ಇಲ್ಲ. ಮುಂಗಾರು ಮತ್ತೆ ಬರೋಕೆ ಒಂದು ವರ್ಷ ಕಾಯಬೇಕಲ್ವಾ? ಕಾದೆ. ಓರಗೆಯವರು ಆಗಲೇ ಪಿಎಚ್‌ಡಿ ಸೇರಿದ್ದರು.

ಅಗ್ರಾನಮಿ ಸುಲಭ, ಬ್ರೀಡಿಂಗೇ ನಿಜವಾದ ವಿಜ್ಞಾನ ಅನ್ನೋ ಸೀನಿಯರ್ ಮಾತಿಗೆ ಕಿವಿಗೊಡಬೇಡಿ. ಹೊಸ ತಳಿ ಮಾಡಿದವರೂ ಅದನ್ನು ಹಳೆ ತಳಿಯ ಪಕ್ಕದಲ್ಲಿ ಹೀಗೇ ತಾಕು ಹಾಕಿ ತೋರಿಸಬೇಕು. ಕೃಷಿ ಅಧಿಕಾರಿ, ಬ್ಯಾಂಕಿನ ಫೀಲ್ಡ್ ಆಫೀಸರ್ ಕೆಲಸ ಸಾಕು ಅನ್ನೋದಾದರೆ ಬಿಎಸ್ಸಿ ಆದಮೇಲೆ ಪರೀಕ್ಷೆ ಬರೆಯಿರಿ, ಈ ಪ್ರಶ್ನೆಯೇ ಬೇಡ.

ಸೇರಿದ ಮೊದಲ ವರ್ಷವೇ ಎಂಎಸ್ಸಿಯವರ ಪ್ಲಾಟ್‌ಗೆ ಹೋಗಿ ತಾಕು ಅಳೆಯೋ ಹಗ್ಗ ಹಿಡಿಯಿರಿ. ಅಂಚಿನ ಸಾಲು ಬಿಟ್ಟು ಒಳಗಿನದನ್ನಷ್ಟೇ ಯಾಕೆ ತೂಗ್ತೀರಿ ಅಂತ ಕೇಳಿ. ಉತ್ತರ ಬರದಿದ್ದರೆ ಬೇರೆಯವರ ಪ್ಲಾಟ್‌ಗೆ ಹೋಗಿ.